ನೀರಾಸ್ಗೆ

ನಮ್ಮೂರ ಆರೋಗ್ಯ ಉಪಕೇಂದ್ರದಲ್ಲಿ ಒಂದೇ ಒಂದು ನೀರಿನ ಹಾಸಿಗೆ ಇತ್ತು. ಹಸಿರು ಬಣ್ಣದ ದಪ್ಪ ರಬ್ಬರಿನ ಚೀಲ. ಬರಿದಾಗಿದ್ದಾಗ ಲಾರಿಗೆ ಹೊದಿಸುವ ಟಾರ್ಪಾಲನ್ನು ಮಡಿಸಿಟ್ಟ ಹಾಗೆ ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಬಾಯಿ, ಬಾಯಿಗೊಂದು ತಿರುಗಿಸುವ ಮುಚ್ಚಳ. ನೀರು ತುಂಬಿ ಮುಚ್ಚಳ ಬಿಗಿದರೆ ಮಲಗಿದವರ ಭಾರ ಒಂದೇ ಕಡೆ ಕೂರುವುದಿಲ್ಲ, ಬೆನ್ನು ಹುಣ್ಣಾಗುವುದಿಲ್ಲ. ಪಂಚಾಯ್ತಿಯವರು ತರಿಸಿಕೊಟ್ಟಿದ್ದು. ಎದ್ದು ಓಡಾಡಲಾಗದವರು ಯಾರ ಮನೆಯಲ್ಲಿದ್ದರೂ ಕೇಳಿ ತೆಗೆದುಕೊಂಡು ಹೋಗಬಹುದು, ಬೇಡವಾದಾಗ ತೊಳೆದು ತಂದಿಡಬೇಕು. ಊರಿನವರು ಅದನ್ನು ನೀರಾಸ್ಗೆ ಎನ್ನುತ್ತಿದ್ದರು.

ಎರಡು ಸಾವಿರದ ಐದನೇ ಇಸವಿಯ ಬೇಸಿಗೆಯಲ್ಲಿ ಅದು ದೊಡ್ಡಬೀದಿಯ ಗುರುಮಲ್ಲಪ್ಪನವರ ಮನೆಯಲ್ಲಿತ್ತು. ಬೇಕಾಗಿದ್ದದ್ದು ನಮ್ಮವ್ವನಿಗೆ.

ಅವ್ವ, ಪುಟ್ಟಮಾದಮ್ಮ, ಹಿಂದಿನ ವರ್ಷ ಹುಲ್ಲಿನ ಹೊರೆ ಹೊತ್ತು ನಾಲೆಯ ಮೆಟ್ಟಿಲು ಇಳಿಯುವಾಗ ಜಾರಿ ಬಿದ್ದಿದ್ದಳು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡಷ್ಟು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಅಣ್ಣ ಸಿದ್ಧಾರ್ಥ ನಂಜನಗೂಡಿನ ಕಾರ್ಖಾನೆಗೆ ಶಿಫ್ಟಿನ ಮೇಲೆ ಹೋಗುತ್ತಿದ್ದ. ಅಪ್ಪ ಇರಲಿಲ್ಲ. ನಾನು ಶಾಲೆ ಬಿಟ್ಟು ಮನೆಯಲ್ಲೇ ಇದ್ದೆ. ಅವ್ವನನ್ನು ಮಗ್ಗುಲು ಬದಲಿಸುವುದು, ಒರೆಸುವುದು, ಉಣ್ಣಿಸುವುದು ನನ್ನ ಕೆಲಸವಾಯಿತು. ಎಷ್ಟು ಬದಲಿಸಿದರೂ ಬೆನ್ನಿನ ಕೆಳಗೆ ಮೊದಲು ಕೆಂಪಗಾಯಿತು, ಆಮೇಲೆ ಚರ್ಮ ಕಿತ್ತುಬಂತು.

ಇಂದ್ರಾಣಿ ಸಿಸ್ಟರ್ ಗುರುವಾರ ಮಕ್ಕಳಿಗೆ ಇಂಜೆಕ್ಷನ್ ಹಾಕಿ ಮುಗಿಸಿ ನಮ್ಮ ಮನೆಗೆ ಬರುತ್ತಿದ್ದರು. ಅವರು ನರಸೀಪುರದವರು, ಉಪಕೇಂದ್ರದ ಹಿಂದಿನ ಕೋಣೆಯಲ್ಲಿ ಇದ್ದುಕೊಂಡು ಶನಿವಾರ ಸಾಯಂಕಾಲ ಬಸ್ಸು ಹಿಡಿಯುತ್ತಿದ್ದರು. ಅವರಿಗೆ ಹೇಳಿದ್ದ ಕೆಲಸ ಬಸುರಿಯರದ್ದು, ಬಾಣಂತಿಯರದ್ದು, ಮಕ್ಕಳದ್ದು. ಮುದುಕರ ಹುಣ್ಣು ತೊಳೆಯುವುದು ಅದರಲ್ಲಿ ಇತ್ತೋ ಇಲ್ಲವೋ ನಾನು ಕೇಳಲಿಲ್ಲ. ಅವರು ಬರುತ್ತಿದ್ದರು.

"ವಾಟರ್ ಬೆಡ್ಡು ಬಂದ್ರೆ ಇದು ಒಣಗುತ್ತೆ ಪುಟ್ಟಮಾದಮ್ಮ. ಸ್ವಲ್ಪ ತಡ್ಕೊ."

"ನೀರ್ ಮ್ಯಾಲ ಮಲಿಕೊಳ್ಳಕ ನಾನೇನ್ ಮೀನಾ?"

"ಮೀನಾಗಿದ್ರೆ ಇಷ್ಟೊತ್ತಿಗೆ ಸಾರು ಮಾಡ್ಬಿಡ್ತಿದ್ದೆ. ಸುಮ್ನೆ ಮಗ್ಗುಲಾಗು."

ಅವ್ವ ನಗುತ್ತಿದ್ದಳು. ಗಾಯಕ್ಕೆ ನೀರು ತಾಗಿದಾಗ ನಗು ನಿಲ್ಲುತ್ತಿತ್ತು. ಆಮೇಲೆ ಕೇಳುತ್ತಿದ್ದಳು, "ಆ ಬುದ್ಧಿಯೋರು ಎಂಗವ್ರ?"

"ಬುದ್ಧಿಯೋರು ಅನ್ಬ್ಯಾಡ ಅಂತ ಎಷ್ಟ್ ಸಲ ಯೋಳ್ಬೇಕವ್ವ ನಿಂಗ?" ಎಂದು ಹೊರಗಿನಿಂದ ಅಣ್ಣ ಕೂಗುತ್ತಿದ್ದ.

"ಊಂ ಕಣಪ್ಪ. ಆ ಗುರುಮಲ್ಲಪ್ಪೋರು ಎಂಗವ್ರ ನರ್ಸಮ್ಮ?"

"ಹಾಗೇ ಇದಾರೆ," ಎನ್ನುತ್ತಿದ್ದರು ಸಿಸ್ಟರ್.

ಗುರುಮಲ್ಲಪ್ಪನವರು ಭತ್ತದ ವ್ಯಾಪಾರ ಮಾಡಿಕೊಂಡಿದ್ದವರು. ಲಕ್ವ ಹೊಡೆದು ಮಲಗಿದ್ದರು. ಅವರಾಗಿ ಎದ್ದು ಹಾಸಿಗೆ ವಾಪಸು ಕೊಡುವ ಹಾಗಿರಲಿಲ್ಲ. ಅದು ನಮ್ಮ ಮನೆಗೆ ಬರಬೇಕಾದರೆ ಏನಾಗಬೇಕು ಎಂಬುದು ನಮಗೆಲ್ಲ ಗೊತ್ತಿತ್ತು. ಅದನ್ನು ನಾವು ಯಾರೂ ಬಾಯಿಬಿಟ್ಟು ಹೇಳಲಿಲ್ಲ. 'ಹಾಗೇ ಇದಾರೆ' ಎಂದಾಗ ಅವ್ವ, "ಇರ್ಲಿ ಬುಡಿ, ಪಾಪ," ಎಂದು ಗೋಡೆಯ ಕಡೆ ತಿರುಗುತ್ತಿದ್ದಳು.

ಒಂದು ಸೋಮವಾರ ಬೆಳಗ್ಗೆ ಅವರು ತೀರಿಕೊಂಡರು.

ನಮ್ಮ ಬೀದಿ ನಾಲೆಯ ಈಚೆಗೆ, ಲಿಂಗಾಯತರ ದೊಡ್ಡಬೀದಿ ಆಚೆಗೆ. ಮೊದಲೆಲ್ಲ ಆಚೆ ಯಾರೇ ಸತ್ತರೂ ಈಚೆಗೆ ಕರೆ ಬರುತ್ತಿತ್ತು. ನನ್ನ ದೊಡ್ಡಪ್ಪ ದೊಡ್ಡಮಾದಯ್ಯ ತಮಟೆ ತೆಗೆದುಕೊಂಡು ಹೋಗಬೇಕು, ಗುಂಡಿ ತೋಡಬೇಕು. ಹೆಣದ ಮೇಲಿನ ಬಟ್ಟೆ, ಸತ್ತವರು ಮಲಗಿದ್ದ ಚಾಪೆ, ದಿಂಬು, ಕಂಬಳಿ ದೊಡ್ಡಪ್ಪನಿಗೆ ಸೇರುತ್ತಿತ್ತು. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯವರೆಲ್ಲ ಕೂತು ತೀರ್ಮಾನ ಮಾಡಿದರು. ಇನ್ನು ತಮಟೆ ಇಲ್ಲ, ಗುಂಡಿ ಇಲ್ಲ, ಸ್ಮಶಾನದಲ್ಲಿ ಬಿಟ್ಟ ಯಾವ ವಸ್ತುವನ್ನೂ ನಮ್ಮವರು ಮುಟ್ಟುವುದಿಲ್ಲ. ಅವತ್ತಿನಿಂದ ಆಚೆಯವರು ನಂಜನಗೂಡಿನಿಂದ ಬ್ಯಾಂಡು ತರಿಸುತ್ತಾರೆ. ಚಾಪೆ ದಿಂಬನ್ನು ರುದ್ರಭೂಮಿಯ ಬೇಲಿಗೆ ಎಸೆದು ಬರುತ್ತಾರೆ.

ಅವತ್ತು ನಾನು ನಾಲೆಯಲ್ಲಿ ಅವ್ವನ ಬಟ್ಟೆ ಒಗೆಯುತ್ತಿದ್ದೆ. ದೊಡ್ಡಪ್ಪ ಏರಿಯ ಮೇಲೆ ಕೂತು ನೋಡುತ್ತಿದ್ದ. ಗುರುಮಲ್ಲಪ್ಪನವರನ್ನು ವಿಮಾನ ಕಟ್ಟಿದ ಚಟ್ಟದಲ್ಲಿ ಕೂರಿಸಿ ಹೊತ್ತುಕೊಂಡು ಆಚೆ ದಡದಲ್ಲಿ ಹೋದರು. ಹಿಂದೆ ಒಂದು ಎತ್ತಿನ ಗಾಡಿ, ಗಾಡಿಯಲ್ಲಿ ಚಾಪೆ, ದಿಂಬು, ಒಂದು ಹಸಿರು ಗಂಟು.

"ದೊಡ್ಡಪ್ಪ, ನೀರಾಸ್ಗೆ," ಎಂದೆ.

"ಊಂ. ಪ್ರಾಣ ಓಗಿರಾದು ಅದ್ರ ಮ್ಯಾಲ ಕಣ ಕೂಸು. ಇನ್ನೇನ್ ಮನೇಲಿ ಮಡಿಕತ್ತಾರಾ?" ಬೀಡಿ ಹಚ್ಚಿಕೊಂಡು ಹೇಳಿದ, "ಅವ್ರಿಗ ಸೂತಕ ಇಲ್ಲ ಅಂತಾರ. ಚಾಪ ಬಿಸಾಕದು ಮಾತ್ರ ನಮ್ಮಂಗೇಯ."

ಗುರುವಾರ ಸಿಸ್ಟರ್ ಬಂದು, "ಬಾ ಬಿಂದು, ಒಬ್ಳೇ ಹೊರಕ್ಕಾಗಲ್ಲ, ಬೆಡ್ಡು ತರೋಣ," ಎಂದರು. ಅದು ಅಲ್ಲಿಲ್ಲ ಎಂದು ಹೇಳಿದೆ. ಗಾಡಿಯಲ್ಲಿ ರುದ್ರಭೂಮಿಯ ಕಡೆ ಹೋದದ್ದನ್ನು ನೋಡಿದೆ ಎಂದೂ ಹೇಳಿದೆ. ಅವರು ನಂಬಲಿಲ್ಲ. ದೊಡ್ಡಬೀದಿಗೆ ಇಬ್ಬರೂ ಹೋದೆವು. ಸಿಸ್ಟರ್ ಜಗಲಿ ಹತ್ತಿದರು, ನಾನು ರಸ್ತೆಯಲ್ಲೇ ನಿಂತೆ. ಗುರುಮಲ್ಲಪ್ಪನವರ ಮಗ ಶಿವರಾಜು ಬನಿಯನ್ನಿನಲ್ಲಿ ಹೊರಗೆ ಬಂದರು. ಬಾಗಿಲ ಹಿಂದೆ ಅವರ ಹೆಂಡತಿ ಸರ್ವಮಂಗಳಾ ನಿಂತಿದ್ದರು.

"ಶಿವರಾಜು ಅವ್ರೆ, ಆ ಬೆಡ್ಡು ವಾಪಸ್ ಬೇಕಾಗಿತ್ತು."

"ಅಯ್ಯೋ, ಅದ್ನ ಅವತ್ತೇ ಹಾಕ್ಬುಟ್ವಲ್ಲಾ ಸಿಸ್ಟರ್."

"ಹಾಕ್ಬುಟ್ವಿ ಅಂದ್ರೆ?"

"ಅಪ್ಪಾಜಿ ಅದ್ರ ಮೇಲೇ ಹೋಗ್ಬುಟ್ರಲ್ಲ. ಚಾಪೆ ದಿಂಬು ಹಾಕೋ ಕಡೆ ಅದನ್ನೂ ಹಾಕಿದ್ದೀವಿ."

"ಅದು ಸರ್ಕಾರದ್ದು ಕಣ್ರೀ!"

"ಸರ್ಕಾರದ್ದಾದ್ರೇನು ಸಿಸ್ಟರ್, ಸತ್ತಿದ್ದು ನಮ್ಮಪ್ಪ ಅಲ್ವಾ?"

ಸಿಸ್ಟರ್ ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. ಆಮೇಲೆ, "ಸರಿ, ತರಿಸಿ ಕೊಡಿ. ಇನ್ನೊಬ್ರಿಗೆ ಬೇಕು," ಎಂದರು.

"ಒಂದ್ಸಲ ಹಾಕಿದ್ದನ್ನ ತಿರುಗಿ ಊರೊಳಕ್ಕೆ ತರ್ತಾರಾ? ಮನೇಲಿ ಮಕ್ಕಳು ಮರಿ ಇದಾವೆ. ನೀವು ನರಸೀಪುರದಲ್ಲಿ ತರ್ತೀರಾ?" ಶಿವರಾಜು ಜಗಳದ ಧಾಟಿಯಲ್ಲಿ ಹೇಳಲಿಲ್ಲ. ಸುಸ್ತಾಗಿದ್ದರು. ಸಿಸ್ಟರನ್ನು ದಾಟಿ ನನ್ನ ಕಡೆ ನೋಡಿದರು. "ಅಲ್ಲೇ ಬಿದ್ದದೆ. ಇವ್ರ ಬೀದಿಯೋರೇ ತಗೊಂಡ್ ಹೋಗ್ಲಿ. ಮೊದ್ಲೆಲ್ಲಾ ತಗೊಂಡ್ ಹೋಯ್ತಿರ್ಲಿಲ್ವಾ?"

ನಾನು ನೆಲ ನೋಡಿದೆ. ತಲೆ ಎತ್ತಿದಾಗ ಬಾಗಿಲ ಹಿಂದೆ ಸರ್ವಮಂಗಳಾ ನನ್ನನ್ನೇ ನೋಡುತ್ತಿದ್ದರು.

ಅಲ್ಲಿಂದ ಸಿಸ್ಟರ್ ನೇರವಾಗಿ ನಮ್ಮ ಮನೆಗೆ ಬಂದರು. ಅಣ್ಣ ಶಿಫ್ಟು ಮುಗಿಸಿ ಆಗ ತಾನೇ ಮುಖ ತೊಳೆಯುತ್ತಿದ್ದ. ದೊಡ್ಡಪ್ಪ ಜಗಲಿಯಲ್ಲಿದ್ದ.

"ಸಿದ್ಧಾರ್ಥ, ನಾಲ್ಕು ಹುಡುಗ್ರು ಹೋಗಿ ಅದನ್ನ ಎತ್ಕೊಂಡ್ ಬನ್ನಪ್ಪ. ಡೆಟಾಲ್ ಹಾಕಿ ನಾನೇ ತೊಳೀತೀನಿ."

"ಆಗಲ್ಲ ಸಿಸ್ಟರ್."

"ನಿಮ್ಮವ್ವನಿಗೆ ಕಣಪ್ಪ."

"ನಮ್ಮವ್ವನಿಗೆ ಅಂತಾನೇ ಆಗಲ್ಲ. ಬೇರೆಯೋರ್ ಮನೆಗಾಗಿದ್ರ ನಾನೇನ್ ಅಂತಿದ್ದೆ? ಮುಟ್ಟಬ್ಯಾಡಿ ಅಂತಿದ್ದೆ. ಈಗ ನನ್ ಮನಗ ಬಂತು ಅಂತ ಎತ್ಕೊಂಡ್ ಬಂದ್ರ ಬೀದಿಯೋರು ಉಗೀದೆ ಬುಟ್ಟಾರಾ?"

"ಅದೇನ್ ಎಣದ ಬಟ್ಟೆ ಅಲ್ಲ ಕಣ್ಲಾ, ರಬ್ಬರು," ಎಂದ ದೊಡ್ಡಪ್ಪ.

"ರಬ್ಬರೋ ರೇಷ್ಮೆಯೋ, ಎತ್ಕೊಂಡ್ ಬರೋ ಜಾಗ ಯಾವ್ದು ದೊಡ್ಡಪ್ಪ?"

"ನಿಮ್ಮವ್ವನ ಬೆನ್ ನೋಡ್ಲಾ ಒಂದ್ಸಲ. ನೋಡ್ಬುಟ್ ಮಾತಾಡು."

ಅಣ್ಣ ಆ ಗಾಯವನ್ನು ನೋಡಿರಲಿಲ್ಲ. ಮಗ ನೋಡುವ ಜಾಗದಲ್ಲಿ ಅದು ಇರಲಿಲ್ಲ. ಅವನು ಟವೆಲ್ಲಿನಿಂದ ಮತ್ತೆ ಮುಖ ಒರೆಸಿಕೊಂಡ. ಒಳಗಿನಿಂದ ಅವ್ವ ಮಾತಾಡಿದಳು.

"ಅವನ್ನ ಬಯ್ಬ್ಯಾಡಿ ಭಾವ. ನನ್ ಮದುವೇಲಿ ನಾನ್ ಉಟ್ಟಿದ್ದು ಯಾರ್ ಸೀರ? ನಿಮ್ಗ ಗೊತ್ತಿಲ್ವಾ?"

ದೊಡ್ಡಪ್ಪ ಬೀಡಿಯನ್ನು ನೆಲಕ್ಕೆ ಒತ್ತಿದ.

"ಚೆನ್ನಾಗೇ ಇತ್ತು ಸೀರ," ಎಂದಳು ಅವ್ವ. "ಕೆಂಪಂಚು. ಮದುವ ಎಲ್ಲಾ ಮುಗ್ದ್ ಮ್ಯಾಲ ಯಾರೋ ಅಂದ್ರು, ಇದು ಆಚ ಬೀದಿ ಗೌಡ್ತಿದು, ಓದ್ ತಿಂಗ್ಳು ಸತ್ತೋರ್ದು ಅಂತ. ಅವತ್ತಿಂದ ಉಡ್ನಿಲ್ಲ. ನನ್ ಮಗ ಯೋಳಾದು ಸರಿ ಅದ."

ಅಣ್ಣ ಸುಮ್ಮನೆ ಕೂರಲಿಲ್ಲ. ಮರುದಿನವೇ ಪಂಚಾಯ್ತಿ ಆಫೀಸಿಗೆ ಹೋದ. ತೆಗೆದುಕೊಂಡು ಹೋದವರೇ ತಂದುಕೊಡಬೇಕು ಎಂದು ಸೆಕ್ರೆಟರಿ ಹೇಳಿದರು. ಶಿವರಾಜುವಿಗೆ ಹೇಳಿಕಳಿಸಿದರು. ಪಂಚಾಯ್ತಿಯದ್ದಾದರೆ ಪಂಚಾಯ್ತಿಯವರೇ ಎತ್ತಿಸಿಕೊಳ್ಳಲಿ ಎಂದು ಶಿವರಾಜು ಹೇಳಿಕಳಿಸಿದರು. ಸೆಕ್ರೆಟರಿ ನೀರುಗಂಟಿ ಮಹದೇವಯ್ಯನನ್ನು ಕರೆದರು. "ನಾನು ನಲ್ಲಿಗ ನೀರ್ ಬುಡೋನು ಸಾ, ಸತ್ತೋರ್ ಆಸ್ಗ ಎತ್ತೋನಲ್ಲ," ಎಂದು ಅವನು ಸೈಕಲ್ ಹತ್ತಿದನಂತೆ. ಎಲ್ಲರೂ ಹೇಳಿದ್ದು ಅವರವರ ಮಟ್ಟಿಗೆ ಸರಿಯಾಗಿಯೇ ಇತ್ತು. ಹಾಸಿಗೆ ಬೇಲಿಯಲ್ಲೇ ಇತ್ತು.

ಮುಂದಿನ ಗುರುವಾರ ಸಿಸ್ಟರ್ ಗಾಯ ಬಿಚ್ಚಿ ನೋಡಿ ಅವ್ವನ ಜೊತೆ ತಮಾಷೆ ಮಾಡಲಿಲ್ಲ. ಹೊರಗೆ ಬಂದು ನನಗೆ ಮಾತ್ರ ಹೇಳಿದರು, "ಅಂಚು ಕಪ್ಪಾಗ್ತಾ ಇದೆ. ಮೂಳೆ ತನಕ ಹೋಯ್ತು ಅಂದ್ರೆ ನಾನು ತೊಳೆದು ಪ್ರಯೋಜನ ಇಲ್ಲ."

ನಾನು ಹುಲ್ಲು ಕೊಯ್ಯಲು ನಾಲೆಯ ಏರಿಗೆ ಹೋಗುತ್ತಿದ್ದೆ. ರುದ್ರಭೂಮಿಯ ಬೇಲಿ ಏರಿಯ ಆ ಬದಿಗೆ ಇತ್ತು. ಹಾಸಿಗೆ ಅರ್ಧ ಬೇಲಿಯ ಮೇಲೆ, ಅರ್ಧ ನೆಲದ ಮೇಲೆ ಬಿದ್ದಿತ್ತು. ಮಧ್ಯಾಹ್ನದ ಬಿಸಿಲು ನೇರವಾಗಿ ಅದರ ಮೇಲೆ. ಅಣ್ಣನ ಸೈಕಲ್ಲಿನ ಹಳೇ ಟ್ಯೂಬು ಹಿತ್ತಲಲ್ಲಿ ಬಿಸಿಲಿಗೆ ಬಿದ್ದು ಹೇಗೆ ಸೀಳು ಬಿಟ್ಟಿತ್ತು ಎಂಬುದನ್ನು ನೋಡಿದ್ದೆ. ಹೊಂಗೆಯ ನಾಲ್ಕು ರೆಂಬೆ ಕೊಯ್ದು ಕುಡುಗೋಲಿನ ತುದಿಯಿಂದಲೇ ಅದರ ಮೇಲೆ ಎಳೆದೆ. ಕೈ ತಾಗಿಸಲಿಲ್ಲ. ಮಾರನೇ ದಿನ ಎಲೆ ಬಾಡಿತ್ತು, ಬೇರೆ ಹಾಕಿದೆ.

ಹಾಗೆ ಹಾಕುತ್ತಿದ್ದಾಗ ಸರ್ವಮಂಗಳಾ ಬಂದರು. ಒಬ್ಬರೇ ಇದ್ದರು. ಮಾವನ ಗದ್ದುಗೆಗೆ ಹೂವು ಇಟ್ಟು ವಾಪಸು ಬರುವಾಗ ನನ್ನನ್ನು ನೋಡಿ ನಿಂತರು. ನಾನು ಓಡಿಹೋಗಬೇಕು ಅಂದುಕೊಂಡೆ, ಆದರೆ ಹುಲ್ಲಿನ ಹೊರೆ ಅವರ ಕಾಲ ಬಳಿ ಇತ್ತು.

"ನೀನು ಪುಟ್ಟಮಾದಮ್ಮನ ಮಗಳಲ್ವಾ?"

ತಲೆ ಆಡಿಸಿದೆ.

"ಸೊಪ್ಪು ಯಾಕೆ ಮುಚ್ತಾ ಇದೀಯ?"

"ಬಿಸ್ಲಿಗ ಸೀಳ್ತದ ಅಕ್ಕಾವ್ರೆ."

ಅವರು ಸೆರಗಿನ ಗಂಟು ಬಿಚ್ಚಿದರು. ಒಳಗೆ ಹಾಸಿಗೆಯ ಮುಚ್ಚಳ ಇತ್ತು.

"ನೀರು ಖಾಲಿ ಮಾಡ್ತಾ ಇದ್ದಿದ್ದು ನಾನು. ಅವ್ರು ಆತುರಕ್ಕೆ ಎತ್ಕೊಂಡ್ ಹೋದ್ರು, ಇದು ನನ್ ಕೈಲೇ ಉಳ್ಕೊಳ್ತು. ಇದನ್ನೂ ಹಾಕ್ಬುಟ್ ಬಾ, ಮನೇಲಿ ಇರಬಾರ್ದು ಅಂದ್ರು ನಮ್ಮತ್ತೆ. ಅದಕ್ಕೇ ತಂದೆ." ಮುಚ್ಚಳವನ್ನು ಎಸೆಯದೆ ಕೈಯಲ್ಲೇ ತಿರುಗಿಸುತ್ತಾ ನಿಂತರು. "ಮಾವಂಗೂ ಹುಣ್ಣಾಗಿತ್ತು. ಇದ್ರ ಮೇಲೆ ಹಾಕಿದ್ ಮೇಲೇ ಒಣಗಿದ್ದು. ನಿಮ್ಮವ್ವಂಗೆ ಎಷ್ಟಗಲ ಇದೆ?"

ಅಂಗೈ ತೋರಿಸಿದೆ. ಅವರು ತಮ್ಮ ಅಂಗೈ ನೋಡಿಕೊಂಡರು.

"ವಾಸ್ನೆ ಬರುತ್ತಾ?"

"ಬತ್ತದ."

"ಬೇವಿನ ಸೊಪ್ಪು ಕುದ್ಸಿ ಬಟ್ಟೆ ನೆನೆಹಾಕು, ಬಟ್ಟೆಗೆ ಹಿಡಿಯಲ್ಲ." ಹಾಸಿಗೆಯ ಕಡೆ ಕೈ ತೋರಿಸಿ, "ನೀನೇ ಯಾಕೆ ತಗೊಂಡ್ ಹೋಗ್ಬಾರ್ದು ಇದನ್ನ?" ಎಂದರು.

"ನಮ್ಮೋರು ತಗಳಂಗಿಲ್ಲ."

"ನಮ್ಮೋರೂ ತಗೊಳ್ಳಂಗಿಲ್ಲ. ಇನ್ಯಾರು ತಗೋಬೇಕಂತೆ, ನರಿಯಾ?"

ನನಗೆ ನಗು ಬಂತು. ನಕ್ಕಿದ್ದಕ್ಕೇ ಇರಬೇಕು, ಆಮೇಲೆ ಮಾತೂ ಬಂತು. "ಅದು ಬಂದಿದ್ದು ಉಪಕೇಂದ್ರದಿಂದಲ್ವಾ ಅಕ್ಕಾವ್ರೆ. ಅಲ್ಲಿಗೇ ಮಡಗ್ಬುಟ್ರ..."

"ಯಾರ ಮನೆಗೂ ತಗೊಂಡ್ ಹೋದಂಗಾಗಲ್ಲ," ಎಂದರು ಅವರು.

ಉಪಕೇಂದ್ರ ನಾಲೆಯ ಮಗ್ಗುಲಲ್ಲೇ, ಎರಡು ಬೀದಿಗೂ ಸೇರದ ಜಾಗದಲ್ಲಿತ್ತು. ಅವರು ಸೆರಗು ಸಿಕ್ಕಿಸಿಕೊಂಡು ಒಂದು ತುದಿ ಹಿಡಿದರು. ನಾನು ಇನ್ನೊಂದು ತುದಿ ಹಿಡಿದೆ. ಮೊದಲು ನಾಲೆಯಲ್ಲಿ ಅದ್ದಿದೆವು. ಒದ್ದೆಯಾದ ಮೇಲೆ ಇನ್ನೂ ಭಾರವಾಯಿತು. ಅವರು ಮುಂದೆ, ನಾನು ಹಿಂದೆ. ಒಳಗೆ ಉಳಿದಿದ್ದ ನೀರು ನನ್ನ ಕಡೆ ಒಮ್ಮೆ, ಅವರ ಕಡೆ ಒಮ್ಮೆ ಸರಿಯುತ್ತಿತ್ತು. ಎದುರಿಗೆ ಸೈಕಲ್ ತಳ್ಳಿಕೊಂಡು ನೀರುಗಂಟಿ ಮಹದೇವಯ್ಯ ಬಂದ.

"ಏನವ್ವಾ ಅದು?"

"ಸರ್ಕಾರದ್ದು," ಎಂದರು ಸರ್ವಮಂಗಳಾ.

ಅವನು ಸೈಕಲ್ಲನ್ನು ಪಕ್ಕಕ್ಕೆ ಒರಗಿಸಿ ದಾರಿ ಬಿಟ್ಟ.

ಉಪಕೇಂದ್ರದ ಬಾಗಿಲಿಗೆ ಬೀಗ ಇತ್ತು. ಜಗಲಿಯ ನೆರಳಿನಲ್ಲಿ ಹಾಸಿಗೆ ಇಟ್ಟೆವು. ಸರ್ವಮಂಗಳಾ ಮುಚ್ಚಳ ಕೂರಿಸಿ ತಿರುಗಿಸಿದರು. ಇಬ್ಬರೂ ನಾಲೆಗೆ ಇಳಿದು ಕೈಕಾಲು ತೊಳೆದುಕೊಂಡೆವು, ಅವರು ಮೇಲಿನ ಮೆಟ್ಟಿಲಲ್ಲಿ, ನಾನು ಕೆಳಗಿನ ಮೆಟ್ಟಿಲಲ್ಲಿ.

"ಯಾರಾದ್ರೂ ಕೇಳಿದ್ರೆ?" ಎಂದರು.

"ನನ್ನ ಯಾರೂ ಕೇಳಲ್ಲ ಅಕ್ಕಾವ್ರೆ."

"ನನ್ನೂ ಕೇಳಲ್ಲ," ಎಂದು ಅವರು ಹೊರಟರು.

ಸಿಸ್ಟರ್ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಹಾಸಿಗೆಯನ್ನು ಸೋಪು ಹಾಕಿ ಉಜ್ಜಿ, ಡೆಟಾಲಿನ ನೀರಿನಲ್ಲಿ ತೊಳೆದು, ಅಣ್ಣ ಮನೆಯಲ್ಲಿರುವ ಹೊತ್ತು ನೋಡಿ ನಮ್ಮ ಬಾಗಿಲಿಗೆ ತಂದರು. ಅಣ್ಣ ಎದ್ದು ನಿಂತ.

"ಇದು ಎಲ್ಲಿತ್ತು ಸಿಸ್ಟರ್?"

"ಉಪಕೇಂದ್ರದಲ್ಲಿ."

"ಅಲ್ಲಿಗೆ ಯಾರು ತಂದ್ರು?"

"ನೋಡಪ್ಪ, ಉಪಕೇಂದ್ರದಲ್ಲಿತ್ತು, ಉಪಕೇಂದ್ರದಿಂದ ಕೊಡ್ತಾ ಇದೀನಿ. ಬೇಡ ಅಂದ್ರೆ ಹೇಳು, ಬಿಳಿಗೆರೆ ಕಡೆ ಒಬ್ರು ಕೇಳ್ತಾ ಇದಾರೆ."

ಅಣ್ಣ ನನ್ನ ಕಡೆ ನೋಡಿದ. ನಾನು ಒಲೆಯ ಮುಂದೆ ಕೂತಿದ್ದೆ. ಅವನು ಎರಡು ಬಿಂದಿಗೆ ತೆಗೆದುಕೊಂಡು ನೀರಿನ ತೊಂಬೆಗೆ ಹೋದ. ಅವನು ನೀರು ಹೊರುವುದನ್ನು ನೋಡಿ ಪಕ್ಕದ ಮನೆಯ ಚಲುವಮ್ಮ ಒಂದು ಬಿಂದಿಗೆ ತಂದಳು. ಆಮೇಲೆ ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ತಂದು ಸುರಿದರು. ದೊಡ್ಡಪ್ಪ ಆಲಿಕೆ ಹಿಡಿದುಕೊಂಡು ಕೂತಿದ್ದ. "ಊರ್ ಬಾವಿನೇ ಕುಡೀತದಲ್ಲಲಾ ಇದು," ಎನ್ನುತ್ತಿದ್ದ.

ಅವ್ವನನ್ನು ಎತ್ತಿ ಅದರ ಮೇಲೆ ಮಲಗಿಸಿದೆವು. ಅದು ಅಲ್ಲಾಡಿತು. ಅವ್ವ ಹೆದರಿ ನನ್ನ ಕೈ ಹಿಡಿದಳು. ಆಮೇಲೆ ಕೈ ಬಿಟ್ಟಳು.

"ಎಂಗದವ್ವ?" ಎಂದ ಅಣ್ಣ.

"ಯಾರೋ ಎತ್ಕಂಡಂಗದ," ಎಂದಳು ಅವ್ವ.

ಮಳೆಗಾಲದಲ್ಲಿ ಗಾಯದ ಕಪ್ಪು ಹೋಗಿ ಕೆಂಪು ಬಂತು, ಕೆಂಪಿನ ಸುತ್ತ ಹೊಸ ಚರ್ಮ ಬಂತು. ಸಿಸ್ಟರ್ ಮತ್ತೆ ಮೀನಿನ ಸಾರಿನ ಮಾತಾಡಿದರು. ಅವ್ವ ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ತಲೆ ಬಾಚುತ್ತಿದ್ದಾಗ ಕೇಳಿದಳು.

"ಗುರುಮಲ್ಲಪ್ಪೋರು ಇದ್ರ ಮ್ಯಾಲೇ ಓ‌ದ್ರಾ?"

ಇದು ಬೇಲಿಯಿಂದಲೇ ಬಂದದ್ದು ಎಂಬುದು ಅವಳಿಗೆ ತಿಳಿದಿತ್ತು ಎಂದು ಆಗ ಗೊತ್ತಾಯಿತು. "ಊಂ," ಎಂದೆ.

"ಯಾರೂ ಕೆಳಕ್ ಇಳಿಸ್ನಿಲ್ವಾ?"

"ನಿದ್ದಲಿ ಓದ್ರಂತ."

"ಅದ್ಕೇಯ ಬಿಸಾಕವ್ರ." ಬಾಚಣಿಗೆ ಹಿಡಿದಿದ್ದ ನನ್ನ ಕೈಯನ್ನು ತಡೆದಳು. "ನನ್ನ ಇಳ್ಸು ಕಣ ಕೂಸು. ಉಸ್ರು ಇರುವಾಗ್ಲೇ ನೆಲಕ್ ಇಳ್ಸು. ಇಲ್ದಿದ್ರ ನಮ್ಮೋರೂ ಬಿಸಾಕ್ಬುಡ್ತಾರ. ಹುಡುಗ್ರು ನಿಮ್ಮಣ್ಣನ ಮಾತ್ ಕೇಳಾರು, ಮುದುಕ್ರು ಕೇಳಲ್ಲ."

ಹೋಗುವ ಜೀವವನ್ನು ನೆಲಕ್ಕೆ ಇಳಿಸುವುದು ನಮ್ಮಲ್ಲಿ ಇರುವುದೇ. ಇಳಿಸಿದ ಮೇಲೆ ಜೀವ ಹೋದರೆ ಬಿಸಾಡುವುದು ಚಾಪೆಯನ್ನು ಮಾತ್ರ. ನಾನು ಜಡೆ ಹಾಕಿ ಮುಗಿಸಿದೆ.

ದೀಪಾವಳಿ ಕಳೆದ ಮೇಲೆ ಅವ್ವನಿಗೆ ಜ್ವರ ಬಂತು. ಮೂತ್ರ ಕಟ್ಟಿತು, ಮುಖ ಊದಿತು. ಸಿಸ್ಟರ್ ಇಂಜೆಕ್ಷನ್ ಕೊಟ್ಟು ನಂಜನಗೂಡಿನ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದರು. ಅವ್ವ ಒಪ್ಪಲಿಲ್ಲ. ಮಂಗಳವಾರ ಬೆಳಗ್ಗೆ ಗಂಜಿ ಬೇಡವೆಂದು ಬಾಯಿ ಮುಚ್ಚಿಕೊಂಡವಳು, "ಇಳ್ಸಿ," ಎಂದಳು.

"ಈಗ್ಲೇ ಯಾಕವ್ವ?" ಎಂದ ಅಣ್ಣ.

"ಈಗ್ಲೇಯ. ನೀವ್ ಮರ್ತ್ಬುಡ್ತೀರಿ."

ಚಾಪೆ ಹಾಸಿ, ಅದರ ಮೇಲೆ ಹಳೆಯ ಸೀರೆಗಳನ್ನು ಮಡಿಸಿ ಹಾಕಿ ಇಳಿಸಿದೆವು. ಚಲುವಮ್ಮ ಬಂದು ಬಾಯಿಗೆ ನೀರು ಬಿಟ್ಟಳು. ದೊಡ್ಡಪ್ಪ ಜಗಲಿಯಲ್ಲಿ ಕೂತ. ನೆಂಟರಿಗೆ ಹೇಳಿಕಳಿಸಿದರು. ಅವ್ವ ಅವತ್ತು ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ಬಂದ ನೆಂಟರಿಗೆ ಅಡುಗೆ ಮಾಡಬೇಕಾಯಿತು. ಅವರು ಉಂಡು, ಇನ್ನೂ ತಡವಾಗಬಹುದು ಎಂದು ಮಾತಾಡಿಕೊಂಡು ಕೆಲವರು ವಾಪಸು ಹೋದರು.

ಹಾಸಿಗೆ ಅವಳ ಪಕ್ಕದಲ್ಲೇ, ನೀರು ತುಂಬಿಕೊಂಡು ಬಿದ್ದಿತ್ತು. ಮಗ್ಗುಲು ಬದಲಿಸುವಾಗ ನನ್ನ ಮೊಣಕಾಲು ತಾಗಿದರೆ ಅದು ಈ ತುದಿಯಿಂದ ಆ ತುದಿಗೆ ಅಲ್ಲಾಡಿ ನಿಧಾನವಾಗಿ ನಿಲ್ಲುತ್ತಿತ್ತು. ಮುಚ್ಚಿದ್ದ ಗಾಯ ಮತ್ತೆ ಬಿಚ್ಚಿಕೊಂಡಿತು. ವಾಸನೆ ಬಂತು. ಅಣ್ಣ ಅವ್ವನ ತಲೆಯ ಬಳಿ ಕೂತು, "ಮ್ಯಾಲಕ್ ಮಲಗಿಸ್ತೀವಿ ಕಣವ್ವ, ಆಮ್ಯಾಲ ಮತ್ತ ಇಳ್ಸಾನ," ಎಂದ.

"ಇಳ್ಸಿದ್ಮ್ಯಾಲ ಇಳ್ಸಿದ್ದೇ," ಎಂದಳು. ಮಾತು ಅಷ್ಟು ಸ್ಪಷ್ಟವಾಗಿರಲಿಲ್ಲ. ಆದರೆ ನಮ್ಮಿಬ್ಬರಿಗೂ ತಿಳಿಯಿತು. ಅಣ್ಣ ಎದ್ದು ಹಿತ್ತಲಿಗೆ ಹೋದ.

ಗುರುವಾರ ಸಿಸ್ಟರ್ ಬಾಗಿಲಲ್ಲೇ ನಿಂತರು. ಖಾಲಿ ಹಾಸಿಗೆಯನ್ನೂ ನೆಲದ ಮೇಲಿದ್ದ ಅವ್ವನನ್ನೂ ನೋಡಿದರು.

"ಯಾರು ಇಳಿಸಿದ್ದು?"

"ಅವಳೇ ಯೋಳಿದ್ಲು," ಎಂದೆ.

"ಅವಳು ಹೇಳ್ತಾಳೆ, ನೀನು ಇಳಿಸ್ತೀಯಾ? ಬೆಡ್ಡು ಇರೋದು ಬದುಕಿರೋರಿಗೆ ಕಣೇ! ಹಿಡ್ಕೊ ಆ ಕಡೆ, ಎತ್ತು."

ಸಿಸ್ಟರ್ ಬಗ್ಗಿ ಅವ್ವನ ಹೆಗಲಿನ ಕೆಳಗೆ ಕೈ ಹಾಕಿದರು. ಅವ್ವ ಅವರ ಮಣಿಕಟ್ಟನ್ನು ಹಿಡಿದುಕೊಂಡಳು. ಅಷ್ಟು ಬಲ ಅವಳಲ್ಲಿ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

"ಮುಂದ್ನೋರೂ ಬದುಕಿರ್ತಾರಲ್ಲ ನರ್ಸಮ್ಮ," ಎಂದಳು.

ಸಿಸ್ಟರ್ ಕೈ ಬಿಡಿಸಿಕೊಳ್ಳಲಿಲ್ಲ. ಅವ್ವನೇ ಬಿಡುವ ತನಕ ಬಗ್ಗಿಕೊಂಡೇ ಇದ್ದರು. ಆಮೇಲೆ ಬ್ಯಾಗನ್ನು ನೆಲದ ಮೇಲಿಟ್ಟು, ಮೊಣಕಾಲೂರಿ ಕೂತು ಗಾಯ ತೊಳೆದರು. ಯಾವಾಗಲೂ ತೊಳೆಯುವುದಕ್ಕಿಂತ ಹೆಚ್ಚು ಹೊತ್ತು ತೊಳೆದರು. ಹೋಗುವಾಗ ನನ್ನ ಮೇಲೆ ಸಿಟ್ಟು ಇನ್ನೂ ಇತ್ತು. ಈ ಶನಿವಾರ ಊರಿಗೆ ಹೋಗುವುದಿಲ್ಲ, ಬಂದು ಕರಿ ಎಂದರು.

ಕರೆಯುವ ಅಗತ್ಯ ಬೀಳಲಿಲ್ಲ. ಶುಕ್ರವಾರ ಬೆಳಗ್ಗೆ ಬಿಸಿಲು ಬಾಗಿಲೊಳಗೆ ಬಂದಾಗ ಅವ್ವ ಹೋದಳು. ನಾನು ಅವಳ ಕಾಲು ಒರೆಸುತ್ತಿದ್ದೆ.

ಮಣ್ಣು ಮಾಡಲು ಹೊರಟಾಗ ನಮ್ಮ ಬೀದಿಯ ಹಿರಿಯರೊಬ್ಬರು ಚಾಪೆ, ಸೀರೆಗಳನ್ನು ಸುತ್ತಿಕೊಂಡು ಹಾಸಿಗೆಯ ಕಡೆ ನೋಡಿದರು. "ಇದು?"

"ಅದ್ರ ಮ್ಯಾಲ ಓಗಿಲ್ಲ," ಎಂದ ದೊಡ್ಡಪ್ಪ. "ಮೂರ್ ದಿನದಿಂದ ನೆಲದ್ ಮ್ಯಾಲ ಇದ್ಲು. ನಾನೇ ಕುಂತ್ ನೋಡಿವ್ನಿ."

ಅವರು ಚಾಪೆಯನ್ನು ಮಾತ್ರ ತೆಗೆದುಕೊಂಡು ಹೋದರು.

ತಿಥಿ ಮುಗಿದ ಮೇಲೆ ಹಾಸಿಗೆಯ ನೀರನ್ನು ನುಗ್ಗೆಮರದ ಬುಡಕ್ಕೆ ಬಿಟ್ಟೆ. ತೊಳೆದು ನೆರಳಿನಲ್ಲಿ ಒಣಗಿಸಿದೆ. ಅಣ್ಣ ಕಾರ್ಖಾನೆಯಿಂದ ಒಂದು ತುಂಡು ನೈಲಾನ್ ದಾರ ತಂದು ಮುಚ್ಚಳವನ್ನು ಹಾಸಿಗೆಯ ಬಾಯಿಗೆ ಕಟ್ಟಿದ, ಬಿಚ್ಚಿದರೂ ಕಳೆದುಹೋಗದ ಹಾಗೆ. ಮುಚ್ಚಳ ಒಮ್ಮೆ ಬೇರೆಯಾಗಿತ್ತು ಎಂದು ನಾನು ಅವನಿಗೆ ಹೇಳಿರಲಿಲ್ಲ. ಅವನೂ ನನ್ನನ್ನು ಏನೂ ಕೇಳಲಿಲ್ಲ. ಇಬ್ಬರೂ ಎರಡು ತುದಿ ಹಿಡಿದು ಉಪಕೇಂದ್ರಕ್ಕೆ ಒಯ್ದೆವು.

ಬಿಳಿಗೆರೆ ಕಡೆಯವರೊಬ್ಬರು ಟಿವಿಎಸ್ ಗಾಡಿ ನಿಲ್ಲಿಸಿಕೊಂಡು ಅಲ್ಲಿ ಕಾಯುತ್ತಿದ್ದರು. ತಾಯಿಗೆ ಬೇಕಾಗಿತ್ತಂತೆ. ಯಾವ ಬೀದಿಯವರು ಎಂದು ನಾವು ಕೇಳಲಿಲ್ಲ, ಅವರೂ ನಮ್ಮನ್ನು ಕೇಳಲಿಲ್ಲ. ಹಾಸಿಗೆಯನ್ನು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿಯುತ್ತಾ ಒಂದೇ ಮಾತು ಕೇಳಿದರು.

"ಇದ್ರ ಮ್ಯಾಲ ಯಾರಾದ್ರೂ ಓಗವ್ರಾ?"

ಸಿಸ್ಟರ್ ನನ್ನ ಕಡೆ ನೋಡಿದರು.

"ನಮ್ಮವ್ವ ಓಗಿಲ್ಲ," ಎಂದೆ.

ಅವರಿಗೆ ಅಷ್ಟು ಸಾಕಾಯಿತು. ಗಾಡಿ ಸ್ಟಾರ್ಟ್ ಮಾಡಿದರು. ನಾನು ಎರಡು ಹೆಜ್ಜೆ ಮುಂದೆ ಹೋಗಿ, ಸದ್ದಿನಲ್ಲಿ ಕೇಳಿಸಲೆಂದು ಸ್ವಲ್ಪ ಜೋರಾಗಿಯೇ ಹೇಳಿದೆ.

"ಪೂರ್ತಿ ತುಂಬ್ಬ್ಯಾಡಿ, ಕಲ್ಲಾಯ್ತದ. ಕೈ ಒತ್ತಿದ್ರ ಒಳಕ್ ಓಗ್ಬೇಕು, ಅಷ್ಟ್ ತುಂಬಿ."